ಅವನ ತಾಟಿಗಷ್ಟೇ ಉಪ್ಪು

ಕನ್ಯೆ ನೋಡಲು ಲಕ್ಷ್ಮೇಶ್ವರದಿಂದ ಕಿಶೋರ ಬರುತ್ತಾನೆಂದು ತಿಳಿದಾಗ ವಿದ್ಯಾಶ್ರೀ ಒಲ್ಲೆ ಅನ್ನಲಿಲ್ಲ. "ಬರ್ಲಿ ಬಿಡವ್ವಾ," ಅಂದಳು. ಅವ್ವ ಸಾವಂತ್ರೆವ್ವ ಹಿಗ್ಗಿ ಹೀರೇಕಾಯಿಯಾದಳು. ಮಗಳ ಲೆಕ್ಕಾಚಾರವೇ ಬೇರೆ ಇತ್ತು.

ಹೋದ ವಸಂತದಲ್ಲಿ ಅವಳೂ ಕಿಶೋರನೂ ಉತ್ತರ ಧ್ರುವ ಪ್ರದೇಶದ ಸಂಶೋಧನಾ ಕ್ಯಾಂಪಿನಲ್ಲಿದ್ದರು. ಚಳಿಗಾಲದ ಕತ್ತಲೆ ಕಳೆದು ಸೂರ್ಯ ಮೂಡಿದಾಗ, ಅಲ್ಲಿ ಉಪ್ಪು ಬೆರೆತ ಹಿಮದಿಂದ ಬ್ರೋಮಿನ್ ಎದ್ದು ನೆಲದ ಹತ್ತಿರದ ಓಝೋನನ್ನು ನುಂಗಿಬಿಡುತ್ತದೆ. ಅದನ್ನು ಅಳೆಯುವುದೇ ಅವರ ಕೆಲಸ. ತಂಡದ ಮುಖ್ಯಸ್ಥ ಕಿಶೋರ ಅವಳ ಕೈಗವಸನ್ನು ಹೀಟರ್ ಮೇಲಿಟ್ಟು ಬೆಚ್ಚಗೆ ಮಾಡಿಕೊಡುತ್ತಿದ್ದ. ಎಲ್ಲರೆದುರು "ಮೇಡಂ", ಯಾರೂ ಇಲ್ಲದಾಗ "ವಿದ್ಯಾ". ಆ ಒಂದು ಕರೆಗಾಗಿ ಅವಳು ಎಂಥ ಚಳಿಯನ್ನೂ ತಡೆಯುತ್ತಿದ್ದಳು.

ಒಂದು ಬೆಳಿಗ್ಗೆ ಅವಳ ಯಂತ್ರದಲ್ಲಿ ಬ್ರೋಮಿನ್ ಸರ್ರನೆ ಏರಿತು, ಓಝೋನ್ ಇಲ್ಲವೆನ್ನುವಷ್ಟು ಇಳಿಯಿತು. ಅವನ ಯಂತ್ರ ಏನೂ ತೋರಿಸಲಿಲ್ಲ. ಮೀಟಿಂಗಿನಲ್ಲಿ ಅವಳ ಮುಖ ಕೂಡ ನೋಡದೆ, "ನಿಮ್ಮ ಯಂತ್ರ ಕೆಟ್ಟಿದೆ," ಅಂದುಬಿಟ್ಟ. ಅವಳನ್ನು ಮನೆಗೆ ಕಳಿಸಿದರು. ಬರುವ ವಸಂತದ ತಂಡದಲ್ಲೂ ಅವಳ ಹೆಸರಿಲ್ಲ. ಪ್ರೀತಿಸಿದವನೇ ಹಾಗಂದನಲ್ಲ ಎಂದು ವರ್ಷವಿಡೀ ಉರಿದಿದ್ದಳು.

ಈಗ ಹಿರಿಯರ ಮುಖಾಂತರ ಮದುವೆ ಕೇಳಿಸಿದ್ದಾನೆ. ಎಂಥಾ ಧೈರ್ಯ!

ಕಿಶೋರನ ಕಡೆಯವರು ಬಂದ ದಿನ ಬೆಟಗೇರಿಯ ಅವಳ ಮನೆಯ ಪಡಸಾಲೆಯಲ್ಲಿ ಮಗ್ಗ ಸುಮ್ಮನಿತ್ತು. ವಿದ್ಯಾಶ್ರೀ ಅಡುಗೆಮನೆಯಲ್ಲಿ ಅವಲಕ್ಕಿಯ ತಾಟುಗಳನ್ನು ಸಾಲಾಗಿಟ್ಟಳು. ಒಂದಕ್ಕೆ ಮಾತ್ರ ಚಮಚ ತುಂಬ ಉಪ್ಪು ಸುರಿದು ಚೆನ್ನಾಗಿ ಕಲಸಿದಳು.

ಹೊರಗೆ ಬಂದಾಗ ಕಿಶೋರ ಕಳ್ಳಗಣ್ಣಿನಿಂದ ನೋಡಿದ. ಅವಳೂ ನೋಡಿದಳು. ಹಾಳಾದವನ ಕಿವಿಗಳು ಈಗಲೂ ಹಾಗೆಯೇ ಕೆಂಪಾಗುತ್ತವೆ! ಮೆತ್ತಗಾಗಲು ಹೊರಟ ಮನಸ್ಸನ್ನು ಗದರಿಸಿ ತಾಟು ಕೊಟ್ಟಳು.

ಒಂದು ತುತ್ತಿಗೇ ಅವನು ಕೆಮ್ಮಿದ. "ಉಪ್ಪು... ಭಾಳ ಆಗೇತಿ."

ಅವನ ತಾಯಿ ಅಮೃತವ್ವ ತಮ್ಮ ತಾಟಿನದನ್ನು ತಿಂದು ನೋಡಿದರು. "ಏನ್ ಮಾತಂತ ಆಡ್ತಿ ಲೇ! ಛಲೋ ಹದಾ ಐತಿ."

"ಎಲ್ಲಾರ್ದೂ ಬರೋಬ್ಬರಿ ಐತಿ," ವಿದ್ಯಾಶ್ರೀ ಮೆಲ್ಲಗೆ ಅಂದಳು. "ನಿಮ್ಮ ನಾಲಿಗೀನ ಕೆಟ್ಟಿರಬೇಕ್ರಿ."

ಅವನ ಕೈ ಅಲ್ಲೇ ನಿಂತಿತು. ತನ್ನ ಮಾತೇ ತನಗೆ ತಿರುಗಿ ಬಂದದ್ದು ತಿಳಿಯಿತು. ವಿದ್ಯಾಶ್ರೀಗೆ ಎಂಥಾ ಖುಷಿ!

"ನಾ ಈಕಿಗೆ ಹಿಂಗ ಮಾಡಿದ್ದೆ ಯವ್ವಾ," ಅಂದ ಕಿಶೋರ, ಎಲ್ಲರಿಗೂ ಕೇಳುವಂತೆ. "ಈಕಿ ಯಂತ್ರ ಸರಿ ಇತ್ತು. ನನ್ನ ಯಂತ್ರದ ಗಾಜಿಗೇ ಹಿಮ ಕಟ್ಟಿತ್ತು. ಅದನ್ನ ನೋಡದ, ಈಕಿದು ಸುಳ್ಳು ಅಂದೆ." ಆಮೇಲೆ ಅವಳತ್ತ ತಿರುಗಿದ. "ತಂಡದವ್ರಿಗೆ ಎಲ್ಲಾ ಹೇಳೇನಿ, ವಿದ್ಯಾ. ನನ್ನ ಜಾಗಾ ಬಿಟ್ಟೇನಿ. ಈ ಸಲ ನೀನ ಹೋಗಬೇಕು. ನೀ ಮದುವಿಗೆ ಒಲ್ಲೆ ಅಂದ್ರೂ ಅದು ಬದಲಾಗೂದಿಲ್ಲ."

ಎಲ್ಲರೆದುರು ಮೊದಲ ಸಲ "ವಿದ್ಯಾ" ಅಂದಿದ್ದ. ಅವಳು ತುಟಿ ಕಚ್ಚಿ ಹಿಡಿದಳು.

"ಹೇಳೂದು ಮುಗೀತೋ ಇಲ್ಲೋ? ತಾಟು ಖಾಲಿ ಮಾಡ್ರಿ."

ಅವನು ತಿಂದ. ಕಣ್ಣಲ್ಲಿ ನೀರು ಬಂದರೂ ತಿಂದ. ಅವಳು ನೀರಿನ ತಂಬಿಗೆಯನ್ನು ಸೆರಗಿನ ಮರೆಯಲ್ಲಿ ಹಿಡಿದು ನಿಂತೇ ಇದ್ದಳು. ಕೊನೆಯ ತುತ್ತಿಗೆ ಅವಳಿಗೇ ತಡೆಯದಾಯಿತು. ಹಿರಿಯರೆಲ್ಲ ಬಾಯಿಬಿಟ್ಟು ನೋಡುತ್ತಿರುವಾಗಲೇ ಅವನ ತಾಟಿನಿಂದ ಅದನ್ನೆತ್ತಿ ಬಾಯಿಗೆ ಹಾಕಿಕೊಂಡು ಮುಖ ಕಿವುಚಿದಳು.

"ಇವ್ರು ಹೇಳಿದ್ದು ಖರೆ ಐತ್ರಿ, ಅತ್ತಿ," ಎಂದಳು ಅಮೃತವ್ವನಿಗೆ. "ಉಪ್ಪು ಭಾಳ ಆಗೇತಿ."

ಆಮೇಲೆ ತಂಬಿಗೆ ಅವನ ಕೈಗಿತ್ತಳು, ಅದೂ ತಾನೊಂದು ಗುಟುಕು ಕುಡಿದ ಮೇಲೆ.