ಬಿರಡೆ ಯಾರು ತಿರುಗಿಸಿದರು?

ನಮ್ಮ ಪ್ರೋಗ್ರೆಸಿವ್ ಮೆಟಲ್ ಬ್ಯಾಂಡಿನ ಎರಡನೇ ಆಲ್ಬಂ ಇಷ್ಟೊಂದು ಕರಾಳ, ಇಷ್ಟೊಂದು ಭಾರ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಆ ಭಾರ ನಾವು ಹೇರಿದ್ದಲ್ಲ.

ಉತ್ತರ ಸ್ವೀಡನ್ನಿನ ಹಳೆಯ ಪ್ರಾರ್ಥನಾಮಂದಿರವೊಂದರಲ್ಲಿ ರೆಕಾರ್ಡಿಂಗ್ ನಡೆದಿತ್ತು. ದಿನಾ ಬೆಳಿಗ್ಗೆ ಗಿಟಾರ್‌ಗಳ ಶ್ರುತಿ ಹಿಂದಿನ ದಿನಕ್ಕಿಂತ ಸರಿಯಾಗಿ ಅರ್ಧ ಸ್ವರ ಇಳಿದಿರುತ್ತಿತ್ತು. ಚಳಿಗೆ ತಂತಿ ಬಿಗಿಯಾಗಬೇಕು, ಸಡಿಲವಾಗಬಾರದು.

"ಸಿಕ್ಸ್ಟೆನ್, ನಿನ್ನದೇ ಕಿತಾಪತಿ ತಾನೇ?" ಎಂದ ಗಿಟಾರ್ ನುಡಿಸುವ ಯೋಅರ್.

"ಡ್ರಮ್ ಬಡಿಯೋನಿಗೆ ನಿನ್ನ ತಂತಿಯ ಬಿರಡೆ ತಿರುಗಿಸೋ ಕೆಲಸ ಯಾಕೋ? ಹಾಡು ಚೆನ್ನಾಗೇ ಕೇಳಿಸ್ತಿದೆ, ಬಿಡೋ ಮಾರಾಯ."

ಚೆನ್ನಾಗಿತ್ತು ನಿಜ. ಇಳಿದ ಶ್ರುತಿಯಲ್ಲೇ ನುಡಿಸುತ್ತಾ ಹೋದೆವು. ಆದರೆ ಒಬ್ಬರನ್ನೊಬ್ಬರು ನಂಬುವುದು ನಿಂತುಹೋಯಿತು.

"ನಾಳೆಯೂ ಹೀಗಾದ್ರೆ ಬ್ಯಾಂಡ್ ಬಿಡ್ತೀನಿ" ಎಂದ ಯೋಅರ್, ಐದನೇ ದಿನ. ಆ ರಾತ್ರಿ ಬೇಸ್ ನುಡಿಸುವ ನಾನೇ ಮಂದಿರಕ್ಕೆ ಬೀಗ ಜಡಿದು, ಕೀಲಿಯನ್ನು ಕೊರಳಿಗೆ ಕಟ್ಟಿಕೊಂಡು ಪಕ್ಕದ ಮನೆಯಲ್ಲಿ ಮಲಗಿದೆ.

ಬೆಳಿಗ್ಗೆ ಬೀಗ ಹಾಗೇ ಇತ್ತು. ಅಂಗಳದಲ್ಲಿ ರಾತ್ರಿ ಬಿದ್ದ ಹಿಮದ ಮೇಲೆ ಹೆಜ್ಜೆಯಿರಲಿಲ್ಲ. ಗಿಟಾರ್‌ಗಳು ಮತ್ತೆ ಅರ್ಧ ಸ್ವರ ಇಳಿದಿದ್ದವು.

ಯೋಅರ್ ನನ್ನ ಕೊರಳನ್ನೇ ನೋಡಿದ. "ಹಾಗಾದ್ರೆ ನೀನೇ."

ಶ್ರುತಿ ನೋಡಲು ಮೂಲೆಯ ಹಳೆಯ ಹಾರ್ಮೋನಿಯಂ ಒತ್ತಿದೆ. ಮೊದಲ ದಿನ ಅದನ್ನೂ ರೆಕಾರ್ಡ್ ಮಾಡಿಕೊಂಡಿದ್ದೆವು. ಆ ರೆಕಾರ್ಡಿಂಗ್ ಹಾಕಿ ಹೋಲಿಸಿದೆವು. ಮೊದಲ ದಿನದಿಂದ ಗಿಟಾರ್ ಒಟ್ಟು ಎಷ್ಟು ಇಳಿದಿತ್ತೋ ಅದೂ ಅಷ್ಟೇ ಇಳಿದಿತ್ತು.

ಹಾರ್ಮೋನಿಯಂಗೆ ಬಿರಡೆಯೇ ಇರುವುದಿಲ್ಲ.