ಕಣ್ಣಿನಿಂದ ಶುರುವಾದ ನವಿಲು

ಟವೆಲ್ ಹಾರಿ ಬಂದು ಕೀಬೋರ್ಡಿನ ಮೇಲೆ ಬಿತ್ತು. ಪ್ರಣಿತಾ ಮೌಸ್ ಬಿಟ್ಟಳು. ಪರದೆಯ ಮೇಲೆ ತಿದ್ದುತ್ತಿದ್ದ ನವಿಲಿನ ಗರಿ ಅರ್ಧಕ್ಕೇ ನಿಂತಿತು. ಟವೆಲ್ ಬಿಡಿಸಿ ನೋಡಿದಳು. ಅದರ ಮೇಲೂ ನವಿಲು. ಅವಳದೇ ನವಿಲು.

“ಅಕ್ಕಲಕೋಟದಾಗ ಮಾರಾಕತ್ತಾರ,” ಸೋಮೇಶ ಹೇಳಿದ. “ನಮ್ಮ ಚಾದರ ಇನ್ನಾ ಮಗ್ಗಕ್ಕೇ ಏರಿಲ್ಲ. ಯಾರಿಗೆ ಕೊಟ್ಟಿ?”

ಸೊಲ್ಲಾಪುರದ ನವಿ ಪೇಠದಲ್ಲಿ ಸೋಮೇಶನ ಚಾದರದ ಅಂಗಡಿ. ಮಾಳಿಗೆಯಲ್ಲಿ ಎರಡು ಕಂಪ್ಯೂಟರ್. ಅಲ್ಲಿ ಬರೆದ ಚಿತ್ರ ಮಗ್ಗಕ್ಕೆ ಹೋಗುತ್ತಿತ್ತು. ಒಂದರ ಮುಂದೆ ಧನರಾಜ. ಇನ್ನೊಂದರ ಮುಂದೆ ಮಂದ್ರೂಪದಿಂದ ದಿನಾ ಬಸ್ಸಿನಲ್ಲಿ ಬರುವ ಪ್ರಣಿತಾ. ಈ ನವಿಲನ್ನು ನೋಡಿ ಸೋಮೇಶ ಒಂದು ಮಾತು ಕೊಟ್ಟಿದ್ದ: ಚಾದರದ ಅಂಚಿನಲ್ಲಿ ಅವಳ ಹೆಸರು ನೇಯಿಸುತ್ತೇನೆ. ಆ ಅಂಗಡಿಯಲ್ಲಿ ಚಿತ್ರ ಬರೆದ ಯಾರಿಗೂ ಅದು ಸಿಕ್ಕಿರಲಿಲ್ಲ. ಅಂದಿನಿಂದ ಧನರಾಜ ಅವಳೊಂದಿಗೆ ಮಾತು ಬಿಟ್ಟಿದ್ದ.

ಯಾರಿಗೂ ಕೊಟ್ಟಿಲ್ಲ ಎಂದಳು ಪ್ರಣಿತಾ. ಸೋಮೇಶ ಆಗಲೇ ಪೊಲೀಸರಿಗೆ ಫೋನ್ ಹಚ್ಚಿದ್ದ.

* * *

ಮರುದಿನ ಬೆಳಿಗ್ಗೆ ಫೌಜದಾರ ಯೋಗಿತಾ ಬಂದಳು. ಅಂಗಡಿಯ ಹೊಸ್ತಿಲ ಮುಂದೆ ಸೋಮೇಶನ ಹೆಂಡತಿ ಸ್ನೇಹಲ ರಂಗೋಲಿ ಹಾಕುತ್ತಿದ್ದಳು. ಒಂದು ಚುಕ್ಕಿ. ಚುಕ್ಕಿಯ ಸುತ್ತ ಒಂದು ಸುತ್ತು. ಆಮೇಲೆ ಕೊಕ್ಕು. ಅದು ಗಿಳಿ ಎಂದು ಆಗ ಗೊತ್ತಾಯಿತು. ಯೋಗಿತಾ ಅದನ್ನು ಬಳಸಿಕೊಂಡು ಮಾಳಿಗೆ ಹತ್ತಿದಳು.

ಮೊದಲು ಧನರಾಜನನ್ನು ವಿಚಾರಿಸಿದಳು. ಅವನ ಊರು ತಡವಳ. ದಿನಾ ಅವನ ಮೋಟಾರ್‌ಸೈಕಲ್ ಅಕ್ಕಲಕೋಟದ ಮೇಲೆಯೇ ಹೋಗುತ್ತಿತ್ತು. ಹೊಟ್ಟೆಕಿಚ್ಚನ್ನು ಅವನು ಮುಚ್ಚಿಡಲಿಲ್ಲ. ಯಾವ ಕೀ ಒತ್ತಿದರೆ ಏನಾಗುತ್ತದೆ ಎಂದು ಪ್ರಣಿತಾಗೆ ಹೇಳಿಕೊಟ್ಟವನು ತಾನೇ ಎಂದ.

“ಮೌಸ್ ಹಿಡಿಯಾಕ ಕಲಿಸಿದಾವ ನಾ. ಹೆಸರು ಆಕೀದು.”

“ಅದಕ್ಕ ಕದ್ದಿ?”

“ನಾ ಯಾಕ ಕದೀಲಿ ಮ್ಯಾಡಮ್? ಆಕೀ ನವಿಲಿಗಿಂತ ನನ್ನ ಕೋಳಿ ಚಲೋ ಇರ್ತೈತಿ.”

* * *

ಅಕ್ಕಲಕೋಟದಲ್ಲಿ ಟವೆಲ್ ಮಾಡಿಸಿದವನು ಕಲ್ಲಣ್ಣ. ಸಣ್ಣ ಅಂಗಡಿ, ಅಂಜುಬುರುಕ ಮನುಷ್ಯ. ಚಿತ್ರ ಪೆನ್‌ಡ್ರೈವ್‌ನಲ್ಲಿ ಬಂತು ಎಂದ. ಸೋಮೇಶನ ಅಂಗಡಿಯಿಂದಲೇ ಬಂದದ್ದು, ಹಾಗಾಗಿ ಸೋಮೇಶನ ಒಪ್ಪಿಗೆ ಇರಬೇಕೆಂದುಕೊಂಡೆ ಎಂದ. ಕೊಟ್ಟವರು ಬದಲಿಗೆ ಏನನ್ನೂ ಕೇಳಲಿಲ್ಲವಂತೆ. ಯಾರು ಕೊಟ್ಟರು ಎಂದದ್ದಕ್ಕೆ ಕೈ ಮುಗಿದ.

“ಹೆಣ್ಮಗಳ ಹೆಸರು ಪೊಲೀಸರ ಮುಂದ ತಗಿಯಂಗಿಲ್ರಿ.”

ಹೆಣ್ಣುಮಗಳು. ಧನರಾಜ ಪಾರಾದ. ಪ್ರಣಿತಾ ಸಿಕ್ಕಿಬಿದ್ದಳು. ಸೋಮೇಶ ಅವಳಿಗೆ ನಾಳೆಯಿಂದ ಬರಬೇಡ ಎಂದುಬಿಟ್ಟ.

ಯೋಗಿತಾ ಪೆನ್‌ಡ್ರೈವ್ ತಂದು ಪ್ರಣಿತಾಳ ಮುಂದೆ ಇಟ್ಟಳು. ಎರಡೂ ನವಿಲುಗಳು ಪರದೆಯ ಮೇಲೆ ಅಕ್ಕಪಕ್ಕ ತೆರೆದುಕೊಂಡವು. ಪ್ರಣಿತಾ ಬಹಳ ಹೊತ್ತು ನೋಡಿದಳು.

“ಇದು ನಂದಲ್ರಿ,” ಎಂದಳು. “ಕುತ್ತಿಗಿ ನೋಡ್ರಿ. ನಂದಕಿಂತ ಚಲೋ ಬಂದೈತಿ.”

ಆ ಮಾತು ಅವಳ ಬಾಯಿಂದ ಸುಲಭವಾಗಿ ಬರಲಿಲ್ಲ. ಆಮೇಲೆ ಅವಳು ಟ್ಯಾಬ್ ಕೀ ಒತ್ತತೊಡಗಿದಳು. ಒತ್ತಿದ ಹಾಗೆಲ್ಲ ಚಿತ್ರದ ಒಂದೊಂದು ತುಂಡು, ಬರೆದ ಸರದಿಯಲ್ಲೇ, ಗುರುತು ಹಚ್ಚಿಕೊಂಡು ನಿಲ್ಲುತ್ತಿತ್ತು. ಅವಳ ನವಿಲಿನಲ್ಲಿ ಮೊದಲು ಹೊಟ್ಟೆ, ಕುತ್ತಿಗೆ, ಗರಿ. ಕಟ್ಟಕಡೆಗೆ ಕಣ್ಣು. ಅವಳ ಅಜ್ಜಿ ಗಂಗುಬಾಯಿ ಕೌದಿಯ ಮೇಲೆ ಹಕ್ಕಿ ಹೊಲಿಯುವಾಗ ಕಣ್ಣನ್ನು ಕಡೆಗೇ ಇಡುತ್ತಿದ್ದಳು. ಮೊದಲೇ ಇಟ್ಟರೆ ಹಕ್ಕಿ ಅರ್ಧಕ್ಕೇ ಹಾರಿಹೋಗುತ್ತದಂತೆ.

“ಟ್ಯಾಬ್ ಸುದ್ದಾ ನಾನೇ ಕಲಿಸಿದ್ದು,” ಪಕ್ಕದ ಕುರ್ಚಿಯಿಂದ ಧನರಾಜ ಅಂದ.

ಅಕ್ಕಲಕೋಟದ ನವಿಲಿನ ಮೇಲೆ ಅವಳು ಟ್ಯಾಬ್ ಒತ್ತಿದಳು. ಮೊದಲು ಬಂದದ್ದು ಕಣ್ಣು.

ಯೋಗಿತಾ ಎದ್ದು ಎಲ್ಲರನ್ನೂ ಮೇಲೆ ಕರೆದಳು.

* * *

ಸ್ನೇಹಲ ಚಹಾದ ತಾಟಿನೊಂದಿಗೆ ಬಂದಳು.

“ಕಳ್ಳ ಇದ್ದಿದ್ರ ಕಂಟ್ರೋಲ್ ಸಿ, ಕಂಟ್ರೋಲ್ ವಿ. ಕೆಲಸ ಖಲಾಸ್,” ಯೋಗಿತಾ ಹೇಳಿದಳು. “ಇಲ್ಲಿ ಯಾರೋ ಕುಂತು ಒಂದೊಂದು ಗರಿ ಹೊಸದಾಗಿ ಎಳದಾರ. ಮಾರಾಕ ಅಲ್ಲ. ಆಕೀಕಿಂತ ಚಲೋ ಬರತೈತಿ ಅಂತ ತೋರ್ಸಾಕ.”

ಉಳಿದದ್ದನ್ನು ಅವಳು ನಿಧಾನವಾಗಿ ಬಿಡಿಸಿಟ್ಟಳು. ಹಕ್ಕಿಯನ್ನು ಕಣ್ಣಿನಿಂದ ಶುರುಮಾಡುವ ಕೈಯನ್ನು ಅವಳು ಹೊಸ್ತಿಲ ಮುಂದೆಯೇ ನೋಡಿದ್ದಳು. ಕಲ್ಲಣ್ಣನ ಬಾಯಿ ಕಟ್ಟಿದ್ದು ನೆರೆಮನೆಯ ದಾಕ್ಷಿಣ್ಯ. ಅಲ್ಲೇ ಕೇಳಿ ತಿಳಿದುಕೊಂಡು ಬಂದಿದ್ದಳು: ಸ್ನೇಹಲಳ ತವರು ಅಕ್ಕಲಕೋಟ, ಅವಳ ತಂದೆಯ ಮನೆಗೂ ಕಲ್ಲಣ್ಣನ ಮನೆಗೂ ಒಂದೇ ಗೋಡೆ. ವಾರದ ರಜೆಯ ದಿನ ಮಾಳಿಗೆಯ ಕೀಲಿಕೈ ಅವಳ ಕೈಯಲ್ಲೇ ಇರುತ್ತಿತ್ತು. ಚಿತ್ರಕಲೆ ಓದಿದವಳು. ಪ್ರಣಿತಾ ಬರುವ ಮುಂಚೆ ಇದೇ ಕುರ್ಚಿಯಲ್ಲಿ ಕೂಡುತ್ತಿದ್ದವಳು. ಮನೆಯ ಹೆಂಗಸಿಗೆ ಅಂಗಡಿ ಯಾಕೆ ಎಂದು ಎಬ್ಬಿಸಿದವನು ಸೋಮೇಶ.

ಸ್ನೇಹಲ ಇಲ್ಲವೆನ್ನಲಿಲ್ಲ. ತಾಟು ಕೆಳಗಿಟ್ಟು ಪ್ರಣಿತಾಳ ಕಡೆ ತಿರುಗಿದಳು.

“ಕಣ್ಣಿಲ್ಲದ ಹಕ್ಕಿ ಕುತ್ತಿಗಿ ಯಾವ ಕಡೆ ಹೊಳ್ಳಸ್ತೈತಿ? ನಿನ್ನ ನವಿಲು ಕುರುಡಽ ಹುಟ್ಟೈತಿ, ತಂಗಿ.”

ಆಮೇಲೆ ಗಂಡನ ಕಡೆ ನೋಡಿದಳು. “ಮದುವ್ಯಾಗ ನನ್ನ ಹೆಸರಽ ಬದಲ ಮಾಡಿದ್ರಿ. ಈಕೀ ಹೆಸರು ಅಂಚಿನ್ಯಾಗ ನೇಸ್ತೀರಿ?”

ಸೋಮೇಶ ಯೋಗಿತಾಳ ಕಡೆ ತಿರುಗಿದ. ದೂರು ವಾಪಸ್ ತಗೋತೀನಿ ಎಂದ. ಆದರೆ ಅವನ ಕಣ್ಣು ಪರದೆಯ ಮೇಲಿತ್ತು. ಯಾವ ನವಿಲು ಮಾರಾಟವಾಗುತ್ತದೆ ಎಂದು ಅವನ ವ್ಯಾಪಾರದ ಕಣ್ಣಿಗೆ ಗೊತ್ತಾಗಿತ್ತು. ಕಲ್ಲಣ್ಣನ ಟವೆಲ್ ನಿಲ್ಲಿಸುತ್ತೇನೆ, ಮಗ್ಗಕ್ಕೆ ಸ್ನೇಹಲಳ ನವಿಲೇ ಏರಲಿ ಎಂದ. ಆದರೆ ಮನೆಯ ಸೊಸೆಯ ಹೆಸರು ಪೇಟೆಯಲ್ಲಿ ಹಾಸಿ ಹೊದೆಯುವ ಅರಿವೆಯ ಮೇಲೆ ಬರುವುದು ಸರಿಯಲ್ಲ ಎಂದೂ ಸೇರಿಸಿದ.

“ಪ್ರಣಿತಾ, ನಿನಗ ಮಾತು ಕೊಟ್ಟೀನಿ,” ಎಂದ. “ಅಂಚಿನ್ಯಾಗ ನಿನ್ನ ಹೆಸರಽ ಇರ್ಲಿ. ನಾಳಿಂದ ಕೆಲಸಕ್ಕ ಬಾ.”

ಸ್ನೇಹಲ ಪ್ರಣಿತಾಳನ್ನೇ ನೋಡಿದಳು.

ಪ್ರಣಿತಾ ಪರದೆಯ ಮೇಲೆ ಸ್ನೇಹಲಳ ನವಿಲಿನ ಕುತ್ತಿಗೆಯನ್ನು ನೋಡುತ್ತಿದ್ದಳು. ಎಷ್ಟು ಸಲ ಅಳಿಸಿ ಎಳೆದರೂ ಅವಳ ಮೌಸಿಗೆ ಹಾಗೆ ಬಾಗದ ಗೆರೆ. ಅದರ ಕೆಳಗೆ ತನ್ನ ಹೆಸರು ಇದ್ದರೆ, ಆ ಚಾದರ ಹೊದ್ದವರೆಲ್ಲ ಆ ಗೆರೆಯನ್ನೇ ಹೊಗಳುತ್ತಾರೆ. ಅವಳು ಚೀಲ ಹೆಗಲಿಗೆ ಹಾಕಿಕೊಂಡಳು.

“ಒಲ್ಲೆ,” ಎಂದಳು.