ಹರಳಿನ ಎಡಮೈ

ಫಕೀರಪ್ಪನ ಹಣೆಯ ಮೇಲೆ ತೂಗುಹಾಕಿದ್ದ ಗಾಜಿನ ಪೆಟ್ಟಿಗೆಯಲ್ಲಿ ಉಗುರಗಲದ ಹರಳೊಂದಿತ್ತು. ನೀಲವ್ವ "ಏನ್ರೀ, ಕೇಳಸ್ತದೇನ್ರೀ?" ಎಂದಾಗಲೆಲ್ಲ ಪಕ್ಕದ ಯಂತ್ರದ ಪರದೆಯ ಹಸಿರು ಗೆರೆ ಏಳುತ್ತಿತ್ತು. ಅಪಘಾತದ ಬಳಿಕ ಕಣ್ಣೇ ತೆರೆಯದ ಈ ಬಸ್ ಚಾಲಕ ಹೆಂಡತಿಯ ಮಾತು ಕೇಳುತ್ತಿದ್ದಾನೆಂದು ಹುಬ್ಬಳ್ಳಿಯ ಆ ಆಸ್ಪತ್ರೆಗೆ ತಿಳಿದದ್ದು ಆ ಗೆರೆಯಿಂದಲೇ.

ಹರಳು ವಿಜ್ಞಾನಿ ಇಂದುಧರರದು. ಅದೊಂದು ಅತಿವಾಹಕ, ಅಂದರೆ ವಿದ್ಯುತ್ತು ಅದರಲ್ಲಿ ತಡೆಯಿಲ್ಲದೆ ಹರಿಯುತ್ತದೆ. ಹಳೆಯ ಅತಿವಾಹಕಗಳಿಗೆ ಬೇಕಾದ ಕಡುಚಳಿ ಇದಕ್ಕೆ ಬೇಡ. ಹರಿವು ಅಂಚಿನಲ್ಲಷ್ಟೇ, ಅದನ್ನು ಕಾಯುವುದು ಹರಳಿನ ಸಮಮಿತಿ: ಎಡಭಾಗ ಬಲಭಾಗದ ಕನ್ನಡಿಬಿಂಬವಾಗಿ ಇರುವವರೆಗೂ ಹರಿವು ನಿಲ್ಲದು. ಮಿದುಳಿನ ಕಾಂತಕ್ಷೇತ್ರಕ್ಕೆ ಆ ಹರಿವು ತುಸು ಓಲಾಡುತ್ತದೆ. ಆ ಓಲಾಟವೇ ಗೆರೆ.

ಆಯುಧಪೂಜೆಯ ದಿನವಾದ ಖಂಡೇನವಮಿಯ ಬೆಳಿಗ್ಗೆ ಗೆರೆ ಏಳಲಿಲ್ಲ. ನೀಲವ್ವ ಕೂಗಿದಳು, ಬೈದಳು, ಅತ್ತಳು. ಊಹೂಂ! ಸಂಜೆಯೊಳಗೆ ಏಳದಿದ್ದರೆ ಉಸಿರಾಟದ ಯಂತ್ರ ತೆಗೆಯುವುದು ಆಸ್ಪತ್ರೆಯ ನಿಯಮ.

ಓಡಿಬಂದ ಇಂದುಧರ ದಂಗಾದರು. ಹರಳಿನ ಎಡಮೈಗೆ ಕುಂಕುಮ!

"ಅಯ್ಯಯ್ಯ! ಯಾರ್ ಹಚ್ಚಿದ್ರಿ ಇದನ್ನ?"

"ನಾನಾ ರೀ, ಪೆಟ್ಟಿಗಿ ತಗದು. ಪ್ರತಿ ವರ್ಷ ಇವರು ತಮ್ಮ ಬಸ್ಸಿಗೆ ಪೂಜಿ ಮಾಡ್ತಿದ್ರು. ಈಗ ಬಸ್ ಎಲ್ಲೈತ್ರಿ? ಇವರನ್ನ ಕಾಯೋ ಮಷಿನ್ ಇದಾ ಅಲ್ರೀ? ತಪ್ಪಾತೇನ್ರೀ?"

ಕುಂಕುಮದ ಬಣ್ಣದಲ್ಲಿದ್ದ ಕಬ್ಬಿಣದ ಕಣಗಳು ಒಂದೇ ಮಗ್ಗುಲಲ್ಲಿ ಕುಳಿತು ಸಮಮಿತಿ ಕೆಡಿಸಿರಬೇಕು. ಇಂದುಧರರಿಗೆ ಒಳಗೊಳಗೇ ಸಮಾಧಾನವಾಯಿತು. ಕೆಟ್ಟದ್ದು ಹರಳು, ಮನುಷ್ಯನಲ್ಲ! ಒರೆಸಿದರು. ಗೆರೆ ಏಳಲಿಲ್ಲ. ಮತ್ತೆ ಒರೆಸಿದರು, ನೀಲವ್ವ ಮತ್ತೆ ಕೂಗಿದಳು. ಇಲ್ಲ.

"ಹಚ್ಚೋಕಿಂತ ಮೊದಲ ಇವರನ್ನ ಮಾತಾಡ್ಸಿದ್ರೇನು?"

"ಇಲ್ರೀ. ಪೂಜಿ ಮುಗಿಸೇ ಮಾತಾಡ್ಸೋಣಂತ..."

ಈಗ ಇಂದುಧರರ ತಲೆ ಕೆಟ್ಟಿತು. ಕಣಗಳು ಹರಳಿನೊಳಕ್ಕೆ ಇಳಿದಿವೆಯೋ, ಬೆಳಗಾಗುವ ಮೊದಲೇ ಫಕೀರಪ್ಪ ಕೇಳುವುದನ್ನು ನಿಲ್ಲಿಸಿದ್ದನೋ? ಇನ್ನೊಂದು ಹರಳಿಲ್ಲದೆ ತಿಳಿಯದು, ಅದು ಬೆಳೆಯಲು ವರ್ಷ ಬೇಕು. ಇದನ್ನೆಲ್ಲ ಅವಳಿಗೆ ಹೇಳಿದರು.

"ಹಂಗಾರ ಇವರ ಕಿವಿ ನಾನಾ ಮುಚ್ಚಿದ್ನೇನ್ರೀ?"

"ಗೊತ್ತಿಲ್ರೀ ಅಕ್ಕಾರ. ಖರೇನ ಗೊತ್ತಿಲ್ಲ. ಗೊತ್ತಿಲ್ಲ ಅಂತಾನ ಆಸ್ಪತ್ರ್ಯಾಗ ಹೇಳ್ತೀನಿ. ಉಸಿರಿನ ಮಷಿನ್ ಮುಟ್ಟಾಕ ಬಿಡಂಗಿಲ್ಲ."

ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಈ ಹರಳು ಬರೋಕಿಂತ ಮೊದಲ ಮಂದಿ ಇಂಥವರ ಕೂಡ ಮಾತಾಡ್ತಿದ್ದಿಲ್ಲೇನ್ರೀ? ಯಾರನ್ನ ಕೇಳಿ ಮಾತಾಡ್ತಿದ್ರು?" ಎಂದವಳೇ ಗಂಡನತ್ತ ಬಾಗಿದಳು. "ಏನ್ರೀ, ಈ ಸರ್ತಿ ಹೋಳಿಗಿ ಮಾಡಿಲ್ಲ ನೋಡ್ರಿ. ನೀವಿಲ್ದ ಯಾರ್ ತಿಂತಾರ?"

ಇಂದುಧರ ಪರದೆ ಆರಿಸಿದರು. ಇಷ್ಟು ತಿಂಗಳು ಆ ಮಿದುಳನ್ನು ಅಳೆದಿದ್ದರು, ಆ ಮನುಷ್ಯನೊಡನೆ ಒಂದು ಮಾತೂ ಆಡಿರಲಿಲ್ಲ. ನಾಚಿಕೆಯಾಯಿತು. ಕುರ್ಚಿ ಎಳೆದುಕೊಂಡು ಕುಳಿತರು.

"ಫಕೀರಪ್ಪನವರ, ನಮಸ್ಕಾರ್ರೀ," ಎಂದರು.